ತೊಡೆಯ ಮೇಲಿನ ಕಂಪ್ಯೂಟರು

ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆ ಅಂಚಿನ ಡಿಸೈನ್ ಬಿಡಿಸುವ ಕಮಲಾಕ್ಷಿಗೆ ಮನೆಯಲ್ಲಿ ಕುರ್ಚಿ ಸಿಗುತ್ತಿದ್ದುದು ಕಂಪ್ಯೂಟರಿನ ಮುಂದೆ ಮಾತ್ರ. ಅಲ್ಲಿ ಕೂತಿದ್ದಾಗ ಅತ್ತೆಯೂ ಕಾಫಿ ಕೇಳುತ್ತಿರಲಿಲ್ಲ. ಆ ಕಂಪ್ಯೂಟರು ಹಳತಾಗಿ, ಒಂದು ನವಿಲು ಮೂಡಿಸಲು ಅರ್ಧ ಗಂಟೆ ತಿನ್ನುತ್ತಿತ್ತು. ತೊಂಬತ್ತೊಂಬತ್ತರ ಸಂಕ್ರಾಂತಿಗೆ ಮುಂಚೆ ಗಂಡ ಗಂಗರಾಜು ಅವಳನ್ನು ಬೆಂಗಳೂರಿನ ಅಂಗಡಿಗೆ ಕರೆದೊಯ್ದ.

ಅವಳು ದೊಡ್ಡ ಪರದೆಯದನ್ನು ತೋರಿಸಿದಳು. ಅಂಗಡಿಯವನು ಗಂಡನ ಕಡೆ ತಿರುಗಿದ. "ಲ್ಯಾಪ್‌ಟಾಪ್ ತಗೊಳ್ಳಿ ಸಾರ್. ಮೇಡಂ ತೊಡೆ ಮೇಲಿಟ್ಕೊಂಡು ಎಲ್ಲಿ ಬೇಕಾದ್ರೂ ಮಾಡ್ಬೋದು."

"ಅಡುಗೆಮನೇಲೂ?" ಗಂಗರಾಜು ಕಣ್ಣರಳಿಸಿದ.

"ನಂಗೆ ಮೇಜು ಇದ್ರೇನೇ ಸರಿ ಕಣ್ರೀ," ಎಂದಳು ಕಮಲಾಕ್ಷಿ.

"ಕಾಲಕ್ಕೆ ತಕ್ಕಂಗೆ ಇರೋದು ಕಲ್ತ್ಕೊಳೇ," ಎಂದು ಅವನು ನಕ್ಕ.

ಲ್ಯಾಪ್‌ಟಾಪನ್ನೇ ಕೊಂಡರು. ಹಳೆಯ ಕಂಪ್ಯೂಟರು ಮೇಜು, ಕುರ್ಚಿ ಸಮೇತ ಹೋಯಿತು. ಆ ಜಾಗಕ್ಕೆ ಟೀವಿ ಬಂತು. ಕಮಲಾಕ್ಷಿ ಒಲೆಯ ಪಕ್ಕ ಚಾಪೆ ಹಾಸಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಳು. ಚಿಟಿಕೆ ಹೊಡೆಯುವಷ್ಟರಲ್ಲಿ ನವಿಲು ಮೂಡಿತು.

"ಇಷ್ಟ್ ಬೇಗ ಮುಗೀತಾ? ಹೆಂಗೂ ಕೂತೇ ಇದೀಯಲ್ಲ," ಎಂದು ಅತ್ತೆ ಅವರೆಕಾಯಿಯ ಬುಟ್ಟಿಯನ್ನು ಅವಳ ಪಕ್ಕದಲ್ಲಿಟ್ಟರು.

ಅವಳು ನಾಲ್ಕು ಕಾಯಿ ಸುಲಿದು, ಸೆರಗಿಗೆ ಬೆರಳು ಒರೆಸಿಕೊಂಡು ಕೀಲಿ ಒತ್ತಿದಳು. ಸೊಗಡು ಮಾತ್ರ ಹೋಗಲಿಲ್ಲ.