ನೊಣ ಹಿಡುಕ

ಗಲ್ಫ್ ನಾಡಿನ ಅಲ್ ಮಬೇಲಾದಲ್ಲಿರುವ ನನ್ನ ಏಸಿ ರಿಪೇರಿ ಅಂಗಡಿಯ ಗೋಡೆಯಲ್ಲಿ ನೊಣ ಹೊಡೆಯುವ ಪ್ಲಾಸ್ಟಿಕ್ ಬ್ಯಾಟೊಂದು ಸದಾ ನೇತಾಡುತ್ತಿರುತ್ತದೆ. ಬೇಸಿಗೆಯಲ್ಲಿ ಅದರತ್ತ ಕಣ್ಣೆತ್ತಲೂ ಪುರುಸೊತ್ತಿಲ್ಲ. ಚಳಿಗಾಲ ಬಂತೆಂದರೆ ಏಸಿಗಳು ಮಲಗುತ್ತವೆ, ನೊಣಗಳು ಏಳುತ್ತವೆ, ಬ್ಯಾಟು ನನ್ನ ಕೈಗೆ ಬರುತ್ತದೆ. ವ್ಯಾಪಾರವಿಲ್ಲದೆ ಕೂತವನನ್ನು ‘ನೊಣ ಹೊಡೆಯುತ್ತಿದ್ದಾನೆ’ ಎನ್ನುವ ನಮ್ಮ ಮಾತು ನನಗೆ ಅಲಂಕಾರವಲ್ಲ, ಡಿಸೆಂಬರಿನ ದಿನಚರಿ.

ಅಂಥದೊಂದು ಡಿಸೆಂಬರಿನಲ್ಲಿ ಇಲ್ಲಿಯ ಕನ್ನಡಿಗರು ಮಕ್ಕಳಿಗೊಂದು ಭಾಷಣ ಸ್ಪರ್ಧೆ ಇಟ್ಟರು. ವಿಷಯ ಹಕ್ಕಿ; ಷರತ್ತು, ಇಂಗ್ಲಿಷ್ ನುಸುಳಬಾರದು. ನನ್ನ ಮಗಳು ಸ್ವಾತಿ ಇಂಟರ್ನೆಟ್ ಕೆಫೆಯಿಂದ ಅಮೆರಿಕದ ಬಿಸಿಲುನಾಡಿನ ಕಾಡುಹಕ್ಕಿಯೊಂದರ ಚಿತ್ರವನ್ನು ಅಂಗಡಿಗೇ ತಂದಳು. ಹಳದಿ ಹೊಟ್ಟೆ, ಕಪ್ಪು ತಲೆ, ಆ ಪುಟ್ಟ ಮೈಗೆ ಹೆಚ್ಚೆನಿಸುವ ಚಪ್ಪಟೆ ಕೊಕ್ಕು. ಎಲೆಯಡಿಯ ಹುಳಕ್ಕೆ ಗುರಿಯಿಟ್ಟು ಅಲುಗದೆ ಕೂತು, ಚಂಗನೆ ನೆಗೆದು ಕಿತ್ತುಕೊಂಡು ಇನ್ನೊಂದು ಕೊಂಬೆ ಸೇರುತ್ತದಂತೆ. ಅದರ ಹೆಸರಿನಲ್ಲಿರುವ ಫ್ಲೈಕ್ಯಾಚರ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಕೇಳಿದಳು. ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು; ಆದರೂ ಮಗಳ ಮುಂದೆ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ‘ನೊಣ ಹಿಡುಕ’ ಎಂದೆ.

ಪೇಟೆ ಕಡೆಯ ಖುರುಮಿನ ಆಫೀಸಿನಿಂದ ಮನೆಗೆ ಹೋಗುವಾಗ ಚಹಾಕ್ಕೆಂದು ಅಂಗಡಿಗೆ ಬರುವ ಗದಗಿನ ಪಾಟೀಲರು ಅದನ್ನು ಕೇಳಿ ನಕ್ಕರು.

“ನವಿಲು ಅದ, ಗಿಳಿ ಅದ, ಅದರ ಮ್ಯಾಲೆ ಮಾತಾಡಸ್ರಿ ಶೆಟ್ರ. ನೊಣದ ಹಕ್ಕಿ ಈ ಅಂಗಡ್ಯಾಗ ಒಂದು ಕುಂತದಲ್ಲ, ಸಾಕು.”

ನಾನೂ ನಕ್ಕೆ. ಸ್ವಾತಿ ನಗಲಿಲ್ಲ. ಮನೆಗೆ ಹೋಗುವಾಗ ಕಾರಿನಲ್ಲಿ ಮುಖ ಆಚೆ ತಿರುಗಿಸಿ, “ಎಲ್ಲರೂ ಹಾಗೇ ನಗ್ತಾರೆ. ಐ ಆಮ್ ನಾಟ್ ಗೋಯಿಂಗ್, ಪಪ್ಪ” ಎಂದಳು.

ಅಲ್ಲಿಗೆ ನನ್ನ ಹಠ ಎದ್ದು ಕೂತಿತು. ನೀವೇ ಯೋಚಿಸಿ ನೋಡಿ: ನಮ್ಮ ಮಾತಿನಲ್ಲಿ ನೊಣದ ಹಿಂದೆ ಬಿದ್ದವನು ಸೋಮಾರಿ, ಆ ಹಕ್ಕಿಗಾದರೋ ಅದೇ ಹೊಟ್ಟೆಪಾಡು, ಅದೇ ಕಸುಬು, ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಮೈಯೆಲ್ಲ ಕಣ್ಣಾಗಿ ದುಡಿಯುವ ಜೀವವೊಂದು ನಮ್ಮ ಹಾಳು ನುಡಿಗಟ್ಟಿಗಾಗಿ ತಲೆ ತಗ್ಗಿಸಬೇಕೇ? ಹೆಸರು ಬದಲಾಗದು ಎಂದೆ. ದಿನಾ ಸಂಜೆ ಅವಳನ್ನು ಅಂಗಡಿಯಲ್ಲಿ ನಿಲ್ಲಿಸಿ ಮಾತಾಡಿಸಿದೆ. ಎದುರು ಕೂತು ಬೇಕೆಂದೇ ಗಹಗಹಿಸಿ ನಕ್ಕೆ. ಮೊದಮೊದಲು ಅವಳಿಗೆ ಅಳು ಬಂತು, ಆಮೇಲೆ ಸಿಟ್ಟು, ಕೊನೆಗೆ ನನ್ನ ನಗು ಅವಳಿಗೆ ಏಸಿಯ ಸದ್ದಿನಂತಾಯಿತು.

ಸ್ಪರ್ಧೆಯ ದಿನ ‘ನೊಣ ಹಿಡುಕ’ ಎಂದದ್ದೇ ತಡ, ಸಭೆ ಗೊಳ್ಳೆಂದಿತು. ಪಾಟೀಲರ ನಗುವೇ ಎಲ್ಲಕ್ಕಿಂತ ಜೋರು. ಸ್ವಾತಿ ಅಲುಗದೆ ನಿಂತಳು. ನಗು ಇಳಿಯುವವರೆಗೆ ಕಾದಳು.

“ನಗಾಡಬೇಡಿ,” ಎಂದಳು. “ಅದು ಕೆಲಸದಲ್ಲುಂಟು.”

ಉಳಿದದ್ದನ್ನೆಲ್ಲ ಸಭೆ ಸದ್ದಿಲ್ಲದೆ ಕೇಳಿತು. ಬಹುಮಾನ ನವಿಲಿಗೆ ಹೋಯಿತು. ಹೋಗಲಿ; ನವಿಲಿಗೆ ತನ್ನ ಹೆಸರಿಗಾಗಿ ದುಡಿಯಬೇಕಾದ್ದೇನೂ ಇರಲಿಲ್ಲ.