ಮೊದಲು ನಗುವವನು

ಮುಂಬೈಯ ನಮ್ಮ ಜೋಗೇಶ್ವರಿ ಚಾಳಿನಲ್ಲಿ ಖಂಡಪ್ಪ ಕಾಕಾನ ನಗು ಕೇಳದವರಿಲ್ಲ. ನಕ್ಕನೆಂದರೆ ಖಾಲಿ ಕೊಡಗಳು ಮೆಟ್ಟಿಲ ಮೇಲೆ ಉರುಳಿದ ಹಾಗೆ. ಆದರೆ ಹೆಂಡತಿ ಸುಂದ್ರವ್ವ ತೀರಿಕೊಂಡ ಮೇಲೆ ಅವನ ಖೋಲಿಯಿಂದ ಕೆಮ್ಮು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಮಗ್ಗುಲಲ್ಲೇ ಹೊಲಿಗೆ ಮಷೀನು ತುಳಿಯುವ ನನಗೆ ಅದು ದಿನವಿಡೀ ಕೇಳುತ್ತಿತ್ತು.

ಕಾಕಾ ಗೋಡೆ ಕಟ್ಟುವ ಗೌಂಡಿ. ಆದರೆ ಹಿಂದೆ ದಾದರಿನಲ್ಲಿ ಕನ್ನಡ ನಾಟಕವಿದ್ದಾಗಲೆಲ್ಲ ಅವನಿಗೆ ಇನ್ನೊಂದು ಕೆಲಸವಿರುತ್ತಿತ್ತು. ಮ್ಯಾನೇಜರ್ ಅವನನ್ನು ಪುಕ್ಕಟೆ ಒಳಗೆ ಬಿಟ್ಟು ಜನರ ನಡುವೆ ಕೂರಿಸುತ್ತಿದ್ದ. ಹಾಸ್ಯನಟ ರಮಾನಾಥ ಮಾತು ಮುಗಿಸಿದ ಕೂಡಲೇ ಕಾಕಾ ನಗಬೇಕು. ಹಿಂದೆಯೇ ಥಿಯೇಟರೆಲ್ಲ ನಗುತ್ತಿತ್ತು. ಈ ಏರ್ಪಾಡು ರಮಾನಾಥನಿಗೇ ಗೊತ್ತಿರಲಿಲ್ಲ.

ಈಗ ರಮಾನಾಥ ತನ್ನ ಜೀವನಕಥೆಯನ್ನು ತಾನೇ ಓದಿ ರೆಕಾರ್ಡ್ ಮಾಡಿದ್ದು ಮೊಬೈಲಿನಲ್ಲಿ ಬಂದಿದೆ. ನಾನೇ ಹಾಕಿಕೊಟ್ಟೆ. ಮಧ್ಯಾಹ್ನವಾದರೆ ಕಾಕಾ ನನ್ನ ಹೊಸ್ತಿಲಲ್ಲಿ ಹಾಜರು.

“ಅವಂಗ ನನ್ನ ನಗಿ ಕೇಳಿಸಿತ್ತೇನವಾ ಮುಬೀನಾ?” ದಿನಾ ಇದೊಂದೇ ಪ್ರಶ್ನೆ.

ರಮಾನಾಥ ಪ್ರತಿ ಹಾಸ್ಯದ ನಂತರ ಒಂದಿಷ್ಟು ತಡೆಯುತ್ತಿದ್ದ. ಅಲ್ಲಿ ಸರಿಯಾಗಿ ಕಾಕಾ ನಗುತ್ತಿದ್ದ.

“ಅಯ್ಯ, ಯಾರಿಗಂತ ನಗ್ತೀರಿ ಕಾಕಾ? ಮೊಬೈಲಿಗೆ ಕಿವಿ ಐತೇನು?”

“ಅಂವ ನಗಿಗೆ ಕಾದು ನಿಂತಾನಲ್ಲವಾ. ಹಂಗs ನಿಂದ್ರಿಸಿ ಬಿಡಾಕ ಬರ್ತೈತೇನು?”

ನಾನು ತಲೆಯಾಡಿಸಿ ಮತ್ತೆ ಮಷೀನು ತುಳಿಯತೊಡಗಿದೆ.

ನಿನ್ನೆ ಮೊಬೈಲಿನಲ್ಲಿ ರಮಾನಾಥನ ಈ ಮಾತು ಬಂತು. “ಮುಂಬೈಯಲ್ಲಿ ಒಬ್ಬನಿದ್ದ. ಮುಖ ಕಂಡಿಲ್ಲ. ಕತ್ತಲೆಯಲ್ಲಿ ಎಲ್ಲರಿಗಿಂತ ಮೊದಲು ನಗುತ್ತಿದ್ದ. ಬಣ್ಣ ಹಚ್ಚುವುದನ್ನೇ ಬಿಟ್ಟು ಊರಿಗೆ ಹೊರಟಿದ್ದೆ, ಅವನ ನಗು ಕೇಳಿ ನಿಂತೆ. ನಾನು ನಟನೆಂದು ನಾನು ನಂಬಿದ್ದು ಅವನಿಂದ.”

ನಾನು ಎದ್ದೇಬಿಟ್ಟೆ. “ಯಾ ಅಲ್ಲಾ! ಕಾಕಾ, ನಿಮ್ಮ ಸುದ್ದೀನs! ನಂಬರ್ ಹುಡುಕ್ತೀನಿ, ಫೋನ್ ಮಾಡೂಣು.”

ಕಾಕಾ ಮೊಬೈಲ್ ಕೆಳಗಿಟ್ಟ.

“ಬ್ಯಾಡವಾ. ನನ್ನ ಆಟ ಮೆಚ್ಚಿ ಬರ್ತಿದ್ದೇನು ಅಂತ ಕೇಳ್ತಾನ. ಮ್ಯಾನೇಜರ್ ಕೂಡ್ರಿಸಿದ್ದ ಅಂತ ಹ್ಯಾಂಗ ಹೇಳ್ಲಿ? ಮುದುಕ ಆಗ್ಯಾನ. ಅದೊಂದು ನಂಬಿಕಿ ಅವನ ಹತ್ರ ಇರಲಿ.”

“ಹಂಗಾರ ಸುಳ್ಳs ನಗ್ತಿದ್ರೇನು?”

“ಮೊದಮೊದಲ ಅಷ್ಟs.” ಕಣ್ಣೊರೆಸಿಕೊಂಡ. “ಸುಂದ್ರಿ ಇದ್ದಿದ್ರ ಆಕಿಗೆ ಹೇಳ್ತಿದ್ದೆ. ಇನ್ಯಾರಿಗೆ ಹೇಳ್ಲಿ?”

ಮೊಬೈಲ್ ಎತ್ತಿ ಮತ್ತೆ ಅವನ ಕೈಗೆ ಕೊಟ್ಟೆ. ರಮಾನಾಥ ಮತ್ತೊಂದು ಹಾಸ್ಯ ಹೇಳಿ ತಡೆದ. ಕಾಕಾ ಬಾಯಿ ತೆರೆದ; ನಗು ಬರಲಿಲ್ಲ.

ಅಲ್ಲಿ ಆ ಮುದುಕ ನಿಂತಿದ್ದಾನೆ, ಇಲ್ಲಿ ಈ ಮುದುಕ ಕೂತಿದ್ದಾನೆ. ನಾನೇ ಮೊದಲು ನಕ್ಕೆ.