ಮಿರಜಕ್ಕೆ ಒಯ್ದ ಮೊಣಕಾಲು

ಬೆಂಗೇರಿಯ ನಮ್ಮ ಮನೆಯಿಂದ ಹುಬ್ಬಳ್ಳಿ ಸ್ಟೇಶನ್ನಿಗೆ ಆಟೋ ಹತ್ತಿದಾಗ ಇನ್ನೂ ಮಂಜು ಸರಿದಿರಲಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಜನವರಿ. ನನ್ನ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಡಾಕ್ಟರರ ದಪ್ಪ ಫೈಲು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಟೀಚರು. ಬಲ ಮೊಣಕಾಲು ಬಾತು ಹದಿನಾಲ್ಕು ತಿಂಗಳಾಗಿತ್ತು, ಅಷ್ಟು ದಿನವೂ ಸೀಟಿ ಊದಿರಲಿಲ್ಲ. ಜೂನಿನೊಳಗೆ ಮೈದಾನಕ್ಕೆ ಇಳಿಯದಿದ್ದರೆ ಆಫೀಸಿನ ಕುರ್ಚಿಯೇ ಗತಿ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು.

ಯಜಮಾನರಿಗೆ ತಾರಿಹಾಳದ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಜೊತೆಗೆ ಬಂದವರು ಅತ್ತೆ. ದವಾಖಾನೆಗೆ ಹೆಸರಾದ ಮಿರಜಕ್ಕೆ ಲೋಂಡಾ, ಬೆಳಗಾವಿ ಮೇಲೆ ಹೆಚ್ಚುಕಡಿಮೆ ಇನ್ನೂರೆಂಬತ್ತು ಕಿಲೋಮೀಟರ್. ಪ್ಯಾಸೆಂಜರ್ ಗಾಡಿ ಕಂಡ ಕಂಡಲ್ಲಿ ನಿಲ್ಲುತ್ತ ಹೋಯಿತು. ಇಬ್ಬರ ಟಿಕೀಟೂ ನೂರು ರೂಪಾಯಿಯೊಳಗೆ.

"ಏನಾಗೇತ್ರಿ ಕಾಲಿಗೆ?" ಎಂದು ಎದುರು ಸೀಟಿನ ಹೆಂಗಸು ಕೇಳಿದಳು. ಏನೆಂದು ಹೇಳಲಿ? ಹುಬ್ಬಳ್ಳಿ-ಧಾರವಾಡದ ಐದು ಡಾಕ್ಟರರನ್ನು ನೋಡಿಯಾಗಿತ್ತು. ಸಂಧಿವಾತ ಎಂದು ಒಬ್ಬರು ಮೊಣಕಾಲಿನಿಂದ ನೀರು ತೆಗೆದರು. ನಡುವೆ ಬಾಯಿ ಸೊಟ್ಟಗಾದಾಗ ಇನ್ನೊಬ್ಬರು ಥಂಡಿ ಗಾಳಿ ಎಂದರು. ಐದನೆಯವರಂತೂ ನನ್ನ ಮುಖವನ್ನೇ ನೋಡದೆ ಯಜಮಾನರಿಗೆ, "ನಿಮ್ಮ ಮನಿಯವರಿಗೆ ಮನಸಿನ ತ್ರಾಸ ಐತಿ, ಸ್ವಲ್ಪ ವಿಶ್ರಾಂತಿ ಕೊಡ್ರಿ" ಎಂದುಬಿಟ್ಟರು. ನಾನೇನು ಎದುರಿನ ಗೋಡೆಯೇ? ಆ ಸಿಟ್ಟು ಅಳ್ನಾವರ ದಾಟಿದರೂ ಆರಿರಲಿಲ್ಲ.

ಲೋಂಡಾದಲ್ಲಿ ಅತ್ತೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದರು. "ಮೊದಲ ಎರಡ ತುತ್ತು ತಿನ್ನವ್ವಾ. ಬೈಯೂದು ಆಮ್ಯಾಲ ಬೈಯಂತಿ."

"ಅತ್ಯಾರ, ಅಲ್ಲಿ ಡಾಕ್ಟರ ಮುಂದ ಕೆಮ್ಮಣ್ಣಿನ ಮಾತು ತೆಗಿಬ್ಯಾಡ್ರಿ. ನಗತಾರ."

ಇದನ್ನೇ ಹೇಳಿ ಐದೂ ದವಾಖಾನೆಗಳಲ್ಲಿ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದೆ. ಮೊಣಕಾಲು ಬಾತುಕೊಳ್ಳುವ ಕೆಲವು ತಿಂಗಳ ಮುಂಚೆ, ಹುಡುಗಿಯರ ಜೊತೆ ದಾಂಡೇಲಿ ಕಾಡಿನ ಶಿಬಿರಕ್ಕೆ ಹೋಗಿ ಬಂದ ಮೇಲೆ ನನ್ನ ಬೆನ್ನು ಕೆಂಪಗಾಗಿತ್ತು. ಸರ್ಪಸುತ್ತು ಎಂದು ಅತ್ತೆ ಸುತ್ತಲೂ ಕೆಮ್ಮಣ್ಣು ಹಚ್ಚಿದ್ದರು. ಕೆಲವು ವಾರಗಳಲ್ಲಿ ಅದು ಮಾಯವಾಯಿತು. 'ಸರ್ಪಸುತ್ತು ಆಗಿತ್ತು' ಎಂದು ನಾನು ಹೇಳುತ್ತಿದ್ದೆ, ಡಾಕ್ಟರರು ಹಾಗೇ ಬರೆದುಕೊಳ್ಳುತ್ತಿದ್ದರು.

ಮಿರಜ ಮುಟ್ಟಿದಾಗ ಮಧ್ಯಾಹ್ನ ಸರಿದಿತ್ತು. ಸ್ಟೇಶನ್ ಹತ್ತಿರದ ಲಾಡ್ಜಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಟಾಂಗಾದಲ್ಲಿ ದವಾಖಾನೆಗೆ ಹೋದೆವು. ಸಾಲಿನಲ್ಲಿದ್ದ ಅರ್ಧ ಜನ ಕನ್ನಡದವರೇ. ಪರೀಕ್ಷೆಯ ಮಂಚ ಹತ್ತಲು ನನಗಾಗಲಿಲ್ಲ, ಹಿಡಿದುಕೊಳ್ಳಲು ಅತ್ತೆಯೂ ಒಳಗೆ ಬರಬೇಕಾಯಿತು. ಡಾಕ್ಟರ್ ಅಥಣಿ ಕಡೆಯ ಹೆಣ್ಣುಮಗಳು. ಫೈಲು ತಿರುವಿ ಪಕ್ಕಕ್ಕಿಟ್ಟರು.

"ಸರ್ಪಸುತ್ತು ಕಣ್ಣಾರೆ ನೋಡಿದವರು ಯಾರು?"

"ನಾನ ರೀ," ಎಂದರು ಅತ್ತೆ, ನನ್ನತ್ತ ಅಂಜುತ್ತ ನೋಡಿ.

"ನೀರಗುಳ್ಳಿ ಎದ್ದಿದ್ವೇನು? ಉರಿ?"

"ಗುಳ್ಳಿ ಇಲ್ಲ, ಉರಿನೂ ಇಲ್ಲ. ದಾಂಡೇಲಿ ಕಾಡಿಗೆ ಹೋಗಿ ಬಂದ ಮ್ಯಾಲ ಎದ್ದಿತ್ತು. ಬಳಿ ಇದ್ದಂಗ ದುಂಡಗ, ನಡುವ ಬೆಳ್ಳಗ. ದಿನಾ ಅದರ ಸುತ್ತ ಕೆಮ್ಮಣ್ಣಿನ ಗೆರಿ ಎಳೀತಿದ್ನಿರಿ. ಮರುದಿನ ನೋಡಿದ್ರ ಗೆರಿ ದಾಟಿ ಬೆಳದಿರತಿತ್ತು. ಎಂಟನೇ ದಿನಕ್ಕ ಇಷ್ಟ ಆತು." ಅತ್ತೆ ಡಾಕ್ಟರರ ಮೇಜಿನ ಮೇಲೆ ಬೆರಳಿನಿಂದ ರೊಟ್ಟಿಯಷ್ಟು ದೊಡ್ಡ ಸುತ್ತು ಎಳೆದರು.

ಡಾಕ್ಟರ್ ಆ ಬೆರಳನ್ನೇ ನೋಡಿದರು. "ಇದು ಸರ್ಪಸುತ್ತು ಅಲ್ಲರಿ. ಕಾಡಿನ್ಯಾಗ ಉಣ್ಣಿ ಕಡದು ಬರೂ ಲೈಮ್ ರೋಗ ಇರಬೇಕು. ಬಾಯಿ ಸೊಟ್ಟಾಗಿದ್ದು, ಮೊಣಕಾಲು ಬಾತಿದ್ದು ಎಲ್ಲಾ ಅದರಿಂದನ. ರಕ್ತ ಮುಂಬಯಿಗೆ ಕಳಸೂಣು. ಅದರಾಗ ಬರಲಿಲ್ಲಂದ್ರೂ ರೋಗ ಇಲ್ಲ ಅನ್ನಾಕ ಬರಂಗಿಲ್ಲ. ನಮ್ಮ ಕಡೆ ಇದು ಇಲ್ಲಂತ ಯಾರೂ ಹುಡುಕಂಗಿಲ್ಲ, ಅದಕ್ಕ ಸಿಗಂಗೂ ಇಲ್ಲ. ಈ ಅಜ್ಜಿ ಹೇಳಿದ್ದು ನನಗ ಸಾಕು, ಗುಳಿಗಿ ಇವತ್ತ ಚಾಲೂ ಮಾಡತೇನಿ."

"ಮೊದಲಿಗೇ ಗೊತ್ತಾಗಿದ್ರ?" ಎಂದೆ.

"ಮೂರು ವಾರದ ಗುಳಿಗ್ಯಾಗ ಮುಗೀತಿತ್ತು. ಈಗ ಬಾವು ಇಳೀತೈತಿ. ಓಡೂದು ಮಾತ್ರ ಹೇಳಾಕ ಬರಂಗಿಲ್ಲ."

ಅವರ ಮಾತು ಖರೇ ಆಯಿತು. ಜೂನಿನಲ್ಲಿ ಮೈದಾನಕ್ಕೆ ಇಳಿದೆ, ಸೀಟಿಯನ್ನೂ ಊದಿದೆ, ಓಡಲು ಮಾತ್ರ ಇಂದಿಗೂ ಆಗಿಲ್ಲ.

ಮರಳುವ ಗಾಡಿಯಲ್ಲಿ ಬೆಳಗಾವಿವರೆಗೆ ಐದೂ ಡಾಕ್ಟರರನ್ನು ಹೆಸರು ಹಿಡಿದು ಬೈದೆ. ಅದು ಹೇಗಿತ್ತು ಎಂದು ಒಬ್ಬರಾದರೂ ಕೇಳಬಾರದೇ? ಮೂರು ವಾರದ ಗುಳಿಗೆಗೆ ನನ್ನ ಕಾಲು ಕೊಡಬೇಕೇ? ಧಾರವಾಡ ದಾಟಿದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು: "ಗೆರಿ ದಾಟಿ ಬೆಳ್ಯಾಕತ್ತೇತಿ ಅಂತ ನಾ ಆಗ ನಿನಗ ಹೇಳಾಕ ಬಂದಿದ್ನಿ. ನೀನ 'ಲಗೂ ಹಚ್ಚಿ ಮುಗಸ್ರಿ, ಸಾಲಿಗೆ ಹೊತ್ತಾತು' ಅಂದಿ."

ನೆನಪಿತ್ತು. ಬೆನ್ನು ನನ್ನದೇ, ಅದು ಹೇಗಿದೆ ಎಂದು ನಾನೂ ಕೇಳಿರಲಿಲ್ಲ.

ಹುಬ್ಬಳ್ಳಿ ಬಂತು. ಅತ್ತೆ ಚೀಲ ಹೆಗಲಿಗೇರಿಸಿ ಮೊದಲು ಇಳಿದು, ಕೆಳಗಿನಿಂದ ನನಗೆ ಕೈ ಚಾಚಿದರು. ಐದು ಜನರ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ, ಆರನೆಯವಳಾದ ನನ್ನ ಮೇಲೂ ಬಂದಿತ್ತು. ಅತ್ತೆಯ ಕೈ ಹಿಡಿದುಕೊಂಡು ಇಳಿದೆ.